ಮೆಂಬರ್ ಮುದಿಯಪ್ಪನ ‘ನಾ’

ಹುಲಿಗವ್ವ: ಒಂದು ಹನಿ ಬೀಳಂಗಿಲ್ಲ. ಮೊದಲ ಹೇಳ್ರಿ, ತುಂಬಿದ ಸಭಾದಾಗ ‘ನಾ’ ಅಂದ್ರೋ ಇಲ್ಲೋ?

ಮುದಿಯಪ್ಪ: ಕಣ್ಣು! ಏ, ನನ್ನ ಕಣ್ಣು ಹೋದುವಲ್ಲ! ಮೊದಲ ನೀರು ಹಾಕು, ಆಮ್ಯಾಲೆ ನ್ಯಾಯ.

ಹುಲಿಗವ್ವ: ನೀರು ಎಲ್ಲೈತ್ರಿ? ಬಾವಿ ಇದ್ದ ಊರಾಗ ಇರತೈತಿ. ಅಲ್ಲಿಗೆ ಹೋಗಿ ಜಳಕಾ ಮಾಡ್ರಿ.

ಬೇವೂರಿನ ಮೆಂಬರ್ ಮುದಿಯಪ್ಪ ಅಂಗಳದ ಬಚ್ಚಲುಗಲ್ಲಿನ ಮೇಲೆ ಲಂಗೋಟಿಯಲ್ಲಿ ಕುಳಿತಿದ್ದ. ಎರಡು ಎಮ್ಮೆ ತೊಳೆಯುವಷ್ಟು ಸೀಗೆಕಾಯಿ ಅವನ ತಲೆಯ ಮೇಲಿತ್ತು, ಅದರಲ್ಲಿ ಅರ್ಧ ಆಗಲೇ ಕಣ್ಣಿಗೆ ಇಳಿದಿತ್ತು. ಎದುರಿಗೆ ಹೆಂಡತಿ ತುಂಬಿದ ತಂಬಿಗೆ ಎತ್ತಿ ಹಿಡಿದು ಫೌಜುದಾರನಂತೆ ನಿಂತಿದ್ದಳು. ಊರಿಗೆ ನೀರು ಬರುವುದು ಹಳ್ಳದ ಒರತೆಯಿಂದ. ಆ ಒರತೆ ಎಷ್ಟು ದೂರವೆಂದರೆ, ಮದುಮಗಳಾಗಿ ಕೊಡ ಹೊತ್ತು ಹೋದವಳು ತುಂಬಿಕೊಂಡು ಬರುವಷ್ಟರಲ್ಲಿ ಅಜ್ಜಿಯಾಗಿರುತ್ತಾಳೆ ಎಂದು ಊರವರು ಹೇಳುತ್ತಿದ್ದರು. ಇದು ಸುಳ್ಳಲ್ಲ, ತುಸು ಉದ್ದವಾದ ನಿಜ.

ಮುದಿಯಪ್ಪ ಮೆಂಬರ್ ಆದದ್ದು ಹೀಗೆ. ಜಾಗೀರಿನ ದೊಡ್ಡವರು ಮಜಲಿಸ್ ಎಂಬ ಹೊಸ ಸಭೆ ಹೂಡಿ, ಊರಿಗೊಬ್ಬ ಮೆಂಬರನನ್ನು ಆರಿಸಿ ಯಲಬುರ್ಗಿಗೆ ಕಳಿಸಿರಿ ಎಂದರು. ಬೇವೂರಿನವರು ತಲೆಯ ರುಮಾಲು ನೋಡಿ ಆರಿಸಿದರು. ಮುದಿಯಪ್ಪನ ರುಮಾಲು ಬಿಚ್ಚಿದರೆ ಒಂದು ತುದಿ ಬೇವೂರಿನಲ್ಲಿ, ಇನ್ನೊಂದು ಕುಷ್ಟಗಿಯಲ್ಲಿ. ಸಭೆ ನಡೆಯುವುದು ಉರ್ದುವಿನಲ್ಲಿ, ರುಮಾಲಿಗೆ ಉರ್ದು ಬರುತ್ತದೆಯೋ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಯಾವ ಮೆಂಬರ್ ಯಾವುದಕ್ಕೆ ಏನೆಂದ ಎಂಬುದನ್ನು ಆಮೇಲೆ ಊರೂರಿಗೆ ಹಲಗೆ ಬಡಿದು ಸಾರುವ ಪದ್ಧತಿ. ನಿನ್ನೆ ಬೇವೂರಿನ ಅಗಸಿ ಬಾಗಿಲಲ್ಲಿ ಹಲಗೆಯಾಯಿತು.

ಹುಲಿಗವ್ವ: ‘ಬೇವೂರಿನ ಬಾವಿಗೆ ಬೇವೂರಿನ ಮೆಂಬರೇ ನಾ ಅಂದಾರ, ಬಾವಿ ಮಾತು ಬಿದ್ದುಹೋತು’ ಅಂತ ಹಲಗಿಯಾಂವ ಸಾರ್ಯಾನ. ಹೆಣ್ಮಕ್ಳೆಲ್ಲಾ ನನ್ನ ಮಾರಿ ನೋಡಿದ್ರು. ಅಂದ್ರೋ ಇಲ್ಲೋ?

ಮುದಿಯಪ್ಪ: ಅಂದೆ! ಯಾಕ ಅನಬಾರದು? ಎದಿ ಸೆಟಿಸಿ ಅಂದೆ. ಕಚೇರಿ ಕಂಬ ನಡುಗಿದ್ವು, ಮ್ಯಾಲಿನ ಪಾರಿವಾಳ ಎದ್ದು ಗಂಗಾವತಿತನಕ ಹೋದ್ವು.

ಹುಲಿಗವ್ವ: ಅಯ್ಯ ನಮ್ಮವ್ವ! ತಮ್ಮ ಬಾಯಿಲೇ ಒಪ್ಪಿಕೊಂತಾರ!

ಮುದಿಯಪ್ಪ: ಮುಚ್ಚಿಡಾಕ ಅದೇನ ಕಳವಿನ ಮಾಲ? ಇವತ್ತ ಮತ್ತ ಸಭಾ ಐತಿ. ಇವತ್ತೂ ಅಂತೀನಿ. ಇನ್ನೂ ಜೋರ ಅಂತೀನಿ.

ಹುಲಿಗವ್ವ: ಹೆಣ್ಮಕ್ಳು ಹಳ್ಳದ ದಾರ್ಯಾಗ ಸವದು ಸಾಯ್ಲಿ ಅಂತ ನಿಮ್ಮ ಮನಸು.

ಮುದಿಯಪ್ಪ: ಹೆಣ್ಮಕ್ಳ ಸಲುವಾಗೇ ಅಂದದ್ದು ನಾ!

ಎತ್ತಿ ಹಿಡಿದ ತಂಬಿಗೆಯ ನೀರು ಮತ್ತೆ ಹಂಡೆಗೆ ಬಿದ್ದ ಸದ್ದು ಕೇಳಿಸಿತು. ಮುದಿಯಪ್ಪನ ಎದೆ ಒಡೆಯಿತು. ಅಷ್ಟರಲ್ಲಿ ದರ್ಜಿ ಫಕ್ರುದ್ದೀನ, ಮುದಿಯಪ್ಪನ ಬಾಲ್ಯದ ಗೆಳೆಯ, ಹೊಸ ಶೇರವಾನಿಯನ್ನು ಹೆಗಲ ಮೇಲೆ ಕೂಸಿನಂತೆ ಹಾಕಿಕೊಂಡು ಅಂಗಳಕ್ಕೆ ಬಂದ.

ಫಕ್ರುದ್ದೀನ: ಸಲಾಮ್ ವೈನಿ. ಮೆಂಬರ್ ಸಾಹೇಬ್ರು ಎಲ್ಲಿ?

ಹುಲಿಗವ್ವ: ಆ ನೊರಿ ಒಳಗ ಹುಡುಕ್ರಿ, ಸಿಗತಾರ.

ಮುದಿಯಪ್ಪ: ಫಕ್ರೂ, ನೀನ ನ್ಯಾಯ ಹೇಳು. ಸಭಾದಾಗ ಕಾಗದ ಓದೋ ಪೇಶಕಾರ ಎದ್ದು ನಿಂತು ಒಂದ್ ಹರದಾರಿ ಉದ್ದ ಉರ್ದು ಓದಿದ. ಅದರಾಗ ನನಗ ತಿಳಿದದ್ದು ಒಂದ ಮಾತು, ‘ಬೇವೂರು’. ಬೇವೂರಿನಾಂವ ಯಾರು ಅಂತ ಕೇಳತಾನ ಅಂದಕೊಂಡು, ಎದ್ದು ನಿಂತು ‘ನಾ!’ ಅಂದೆ. ಇದರಾಗ ತಪ್ಪೇನು?

ಫಕ್ರುದ್ದೀನ ಶೇರವಾನಿಯನ್ನು ಗೂಟಕ್ಕೆ ಹಾಕಿ, ನಗಲು ಅನುಕೂಲವಾಗಲೆಂದು ಕಟ್ಟೆಯ ಮೇಲೆ ಕುಳಿತ.

ಫಕ್ರುದ್ದೀನ: ಯಾ ಅಲ್ಲಾ! ಮುದಿಯಪ್ಪ, ಉರ್ದುದಾಗ ‘ನಾ’ ಅಂದ್ರ ಬ್ಯಾಡ ಅಂತ ಅರ್ಥ! ಬೇವೂರಿಗೆ ಬಾವಿ ಬೇಕೇನು ಅಂತ ಕೇಳ್ಯಾರ. ನೀ ಎದಿ ಸೆಟಿಸಿ ಬ್ಯಾಡ ಅಂದಿ.

ಮುದಿಯಪ್ಪ: ಹೌದಾ? ಮತ್ತ ‘ನಾ’ ಅನ್ನಾಕ ಅವರು ಏನಂತಾರ?

ಫಕ್ರುದ್ದೀನ: ‘ಮೈ’ ಅಂತಾರ.

ಮುದಿಯಪ್ಪ: ಮೈ? ತುಂಬಿದ ಕಚೇರ್ಯಾಗ ಅವರಿಗೆ ನನ್ನ ಮೈ ಯಾಕ ತೋರಸ್ಲಿ?

ಹುಲಿಗವ್ವ: ಇಲ್ಲಿ ಅಂಗಳದಾಗ ತೋರಸಾಕತ್ತೀರಲ್ಲ, ಅಲ್ಲೇನ ನಾಚಿಗಿ? ಬಾವಿ ಮಾತು ಹಂಗಿರಲಿ. ಆ ಮಣ್ಣು ಹೊರೋ ಕತ್ತಿ ಕಾಯಿದೆ? ಅಧಿಕಾರಿ ಮೊಕ್ಕಾಂ ಇದ್ದಾಗ ಊರಾಗ ಕತ್ತಿ ಒದರಬಾರದಂತ, ಒದರಿದ್ರ ಮಾಲಕನ್ನ ಠಾಣೇಕ ಒಯ್ಯಬೇಕಂತ. ಅದಕ್ಕ ನೀವು ಹೌದಂದ್ರಂತ! ಕುಂಬಾರ ಯಂಕೋಬ ಮಣ್ಣು ತುಳಿಯೂದು ಬಿಟ್ಟು ಹಗಲೆಲ್ಲಾ ಕತ್ತಿ ಬಾಯಿ ಹಿಡಕೊಂಡು ಕುಂತಾನ.

ಮುದಿಯಪ್ಪ: ದೇವರಾಣಿ ನಾ ಹೌದಂದಿಲ್ಲ! ಪೇಶಕಾರ ಅಂದದ್ದು ಕೇಳಸ್ಲಿಲ್ಲ, ‘ಹಾಂ?’ ಅಂದೆ.

ಫಕ್ರುದ್ದೀನ: ‘ಹಾಂ’ ಅಂದ್ರ ಉರ್ದುದಾಗ ಹೌದು.

ಮುದಿಯಪ್ಪ: ಮತ್ತೂ ಕೇಳಸ್ಲಿಲ್ಲ. ಕಿವಿಗೆ ಕೈ ಹಚ್ಚಿ ‘ಹಾಂ? ಹಾಂ?’ ಅಂದೆ.

ಫಕ್ರುದ್ದೀನ: ಅದಕ್ಕ! ಬೇವೂರಿನ ಮೆಂಬರ್ ಕತ್ತಿಗಳ ಪಕ್ಕಾ ದುಶ್ಮನ್, ಒಂದ ಕಾಯಿದೆಕ್ಕ ಮತ್ತಮತ್ತ ಹೌದಂದ ಅಂತ ಯಲಬುರ್ಗಿ ಬಜಾರದಾಗ ಮಾತಾಡತಾರ.

ಮುದಿಯಪ್ಪನಿಗೆ ಈಗ ಅರ್ಥವಾಯಿತು. ಇತ್ತೀಚೆಗೆ ಓಣಿಯಲ್ಲಿ ನಡೆದು ಹೋಗುವಾಗ ಊರ ಕತ್ತೆಗಳೆಲ್ಲ ಒಮ್ಮೆಗೇ ತಿರುಗಿ ನಿಂತು ಹಿಂಗಾಲು ತೋರಿಸುತ್ತಿದ್ದವು. ಅದು ಮರ್ಯಾದೆ ಎಂದು ಅವನು ತಿಳಿದಿದ್ದ. ಆದರೂ ಸೋಲೊಪ್ಪುವ ಜಾಯಮಾನ ಅವನದಲ್ಲ.

ಮುದಿಯಪ್ಪ: ಬರೇ ಕೆಟ್ಟದ್ದ ಎಣಸಬ್ಯಾಡ್ರಿ. ಕಿನ್ನಾಳದ ಕತಿ ಹೇಳು ಫಕ್ರೂ.

ಫಕ್ರುದ್ದೀನ: ಅದು ಖರೆ ವೈನಿ. ಗೊಂಬಿ ಮಾಡೋ ಮರ ಯಾರೂ ಕಡೀಬಾರದು ಅಂತ ಹುಕುಮು ಬರೂದಿತ್ತು. ಕಿನ್ನಾಳದ ಚಿತ್ರಗಾರರ ಹೊಟ್ಟಿ ಮ್ಯಾಲೆ ಕಲ್ಲು. ಆವಾಗ ಇಡೀ ಸಭಾದಾಗ ಇವನೊಬ್ಬನ ‘ನಾ’ ಅಂತ ಗರ್ಜಿಸಿ ತಡದಾನ. ಅವರು ಇವನ್ನ ಕಟಗ್ಯಾಗ ಕೆತ್ತಿ, ಬಣ್ಣಾ ಹಚ್ಚಿ, ಜಗಲಿ ಮ್ಯಾಲೆ ಇಟ್ಟಾರ.

ಹುಲಿಗವ್ವ: ಹೌದೇನ್ರಿ? ಅಷ್ಟು ಧೈರ್ಯ ಎಲ್ಲಿಂದ ಬಂತ್ರಿ ನಿಮಗ?

ಮುದಿಯಪ್ಪ ಕಣ್ಣಿನ ನೊರೆ ಒರೆಸತೊಡಗಿದ. ಸೀಗೆಕಾಯಿಯ ಅಡಿಯಲ್ಲಿ ಮುಖ ಕೆಂಪಾದದ್ದು ಹೊರಗಿನವರಿಗೆ ಕಾಣಲಿಲ್ಲ, ಅಷ್ಟೇ ಪುಣ್ಯ.

ಹುಲಿಗವ್ವ: ಕೇಳಾಕತ್ತೀನಿ.

ಮುದಿಯಪ್ಪ: ಆವಾಗ... ಚಪರಾಸಿ ಚಹಾ ತಂದಿದ್ದ. ಒಂದ ಕಪ್ಪು ಉಳದಿತ್ತು. ಯಾರಿಗೆ ಅಂತ ಸುತ್ತ ನೋಡಿದ. ‘ನಾ’ ಅಂದೆ.

ಹುಲಿಗವ್ವ: ಹಂಗಾರ ಆ ಚಿತ್ರಗಾರರು ಕಪ್ಪು ಕೆತ್ತಿ ಜಗಲಿ ಮ್ಯಾಲೆ ಇಡಬೇಕಿತ್ತು!

ಮುದಿಯಪ್ಪ: ನೀವಿಬ್ರೂ ನಾಲಿಗಿ ನೋಡತೀರಿ, ನನ್ನ ಮನಸು ನೋಡಂಗಿಲ್ಲ. ನನ್ನ ಮನಸು ಬಾವಿ ಕಡೇನ ಐತಿ, ಕತ್ತಿ ಕಡೇನೂ ಐತಿ.

ಹುಲಿಗವ್ವ: ಮನಸಿನ್ಯಾಗಿನ ಬಾವಿಗೆ ಕೊಡ ಹ್ಯಾಂಗ ಇಳಿಬಿಡ್ಲಿ? ನೀವು ನನ್ನ ಕಿವ್ಯಾಗ ಏನ ಅಂದ್ರೂ ಅದು ನಮ್ಮ ಸಂಸಾರ. ಸಭಾದಾಗ ಏನ ಅಂತೀರಿ ಅದು ಊರ ಸಂಸಾರ.

ಫಕ್ರುದ್ದೀನನ ನಗು ಅಲ್ಲಿಗೆ ನಿಂತಿತು.

ಫಕ್ರುದ್ದೀನ: ಕೇಳು ಮುದಿಯಪ್ಪ, ನಾ ಬಂದದ್ದು ಶೇರವಾನಿ ಕೊಡಾಕಷ್ಟ ಅಲ್ಲ. ತನ್ನ ಊರಿನ ಬಾವಿ ತಾನ ಬ್ಯಾಡ ಅನ್ನೋ ಮನಷ್ಯಾ ಎಲ್ಲಿಯಾಂವ ಅಂತ ಸಭಾ ನಡಸೋ ಸದರ್ ಸಾಹೇಬ್ರಿಗೆ ಸೋಜಿಗ ಆಗೇತಂತ. ಇವತ್ತ ಮಧ್ಯಾಹ್ನ ಮತ್ತೊಮ್ಮಿ ಕೇಳತಾರ. ಇವತ್ತೂ ಬ್ಯಾಡ ಅಂದ್ರ ಬಾವಿ ಮಗ್ಗಲ ಊರಿಗೆ ಹೋಗತೈತಿ. ಆಮ್ಯಾಲೆ ಬೇವೂರಿಗೆ ಬಾವಿ ಮಾತ ಇಲ್ಲ.

ಹುಲಿಗವ್ವ ತಂಬಿಗೆಯನ್ನು ಮತ್ತೆ ತುಂಬಿದಳು. ಆದರೆ ಸುರಿಯಲಿಲ್ಲ.

ಹುಲಿಗವ್ವ: ಹಂಗಾರ ಇಲ್ಲೇ ತಾಲೀಮು ಆಗ್ಲಿ. ನಾ ಸದರ್ ಸಾಹೇಬ. ಬೇವೂರಿಗೆ ಬಾವಿ ಬೇಕೇನು?

ಮುದಿಯಪ್ಪ: ನಾ...

ಫಕ್ರುದ್ದೀನ: ತೌಬಾ ತೌಬಾ!

ಮುದಿಯಪ್ಪ: ‘ನಾ ಹೇಳೂದೇನಂದ್ರ’ ಅಂತ ಸುರು ಮಾಡಿದ್ನೋ!

ಫಕ್ರುದ್ದೀನ: ಹೇಳೂದು ಗೀಳೂದು ಏನೂ ಬ್ಯಾಡ. ‘ಹಾಂ’ ಅನ್ನು, ಕುಂದ್ರು.

ಹುಲಿಗವ್ವ: ಬೇವೂರಿಗೆ ಬಾವಿ ಬೇಕೇನು?

ಮುದಿಯಪ್ಪ: ಇದೇನ, ಸಣ್ಣ ಹುಡುಗರಗತೆ ನಕ್ಕೋತ...

ಫಕ್ರುದ್ದೀನ: ಬ್ಯಾಡೋ! ‘ನಕ್ಕೋ’ ಅಂದ್ರೂ ಬ್ಯಾಡ ಅಂತನ ಅರ್ಥ! ಪೇಶಕಾರ ಪೂರಾ ಮಾತು ಕೇಳಾಂವ ಅಲ್ಲ, ‘ನಕ್ಕೋ’ದಾಗ ಬಾವಿ ಮುಚ್ಚತಾನ.

ಮುದಿಯಪ್ಪ: ಯಪ್ಪಾ! ಆ ಕಚೇರ್ಯಾಗ ಬ್ಯಾಡ ಅನ್ನಾಕ ಎಷ್ಟ ಅಗಸಿ ಬಾಗಲಾ! ಬೇಕು ಅನ್ನಾಕ ಒಂದ ಕಿಂಡಿ.

ಹುಲಿಗವ್ವ ಇನ್ನು ಕೇಳಲಿಲ್ಲ. ಕುದಿಯುವ ಹಂಡೆಯ ನೀರನ್ನು ತಣ್ಣೀರು ಬೆರೆಸದೆ ಅವನ ನೆತ್ತಿಯ ಮೇಲೆ ಸುರಿದಳು.

ಮುದಿಯಪ್ಪ: ಹಾಂಆಂ!

ಫಕ್ರುದ್ದೀನ: ಶಾಬಾಶ್! ಇದ! ಇದನ್ನ ಅಲ್ಲಿ ಅನ್ನು!

ಆ ಕೂಗಿಗೆ ಯಂಕೋಬನ ಕತ್ತೆ ಓಣಿಯ ಆ ತುದಿಯಿಂದ ಓಗೊಟ್ಟಿತು. ಚಕ್ಕಡಿ ಕಟ್ಟಿದಾಗ ಹುಲಿಗವ್ವ ತಾನೂ ಏರಿ ಕುಳಿತಳು. ಯಾಕೆಂದು ಕೇಳಿದರೆ, ‘ನಿಮ್ಮ ನಾಲಿಗಿ ಕಾಯಾಕ’ ಎಂದಳು. ದಾರಿಯುದ್ದಕ್ಕೂ ಮುದಿಯಪ್ಪ ‘ಹಾಂ, ಹಾಂ’ ಎನ್ನುತ್ತ ಬಂದ. ಆ ಸದ್ದಿಗೆ ಎತ್ತುಗಳು ತಮಗೇ ಹೇಳಿದರೆಂದು ಓಡಿ, ಮೂರು ತಾಸಿನ ದಾರಿಯನ್ನು ಎಲೆ ಅಡಿಕೆ ಹಾಕಿ ಉಗುಳುವಷ್ಟರಲ್ಲಿ ಮುಗಿಸಿದವು.

ಯಲಬುರ್ಗಿಯ ಕಚೇರಿ ತುಂಬಿತ್ತು. ಒಂದು ಬದಿಗೆ ಬಿದಿರಿನ ಪರದೆ, ಅದರ ಹಿಂದೆ ಹೆಂಗಸರು. ಹುಲಿಗವ್ವ ಅಲ್ಲಿ ಸೇರಿದಳು. ಫಕ್ರುದ್ದೀನ ಗೆಳೆಯನ ಬೆನ್ನಹಿಂದೆ ಕುಳಿತ. ಪೇಶಕಾರ ಎದ್ದು ಉರ್ದುವಿನ ಸರಮಾಲೆ ಬಿಚ್ಚಿದ. ಊರೂರಿನ ಮೆಂಬರರಲ್ಲಿ ಒಬ್ಬ ಬಾವಿ ಬೇಕೆಂದ, ಒಬ್ಬ ಬೇಡವೆಂದ. ಕೊನೆಗೆ ತಕ್ಕಡಿಯ ಎರಡೂ ತಟ್ಟೆ ಸಮನಾಗಿ ನಿಂತು, ಉಳಿದದ್ದು ಒಂದೇ ಬಾಯಿ.

ಪೇಶಕಾರ: ಬೇವೂರ್!

ಮುದಿಯಪ್ಪನ ಗಂಟಲಲ್ಲಿ ‘ಹಾಂ’ ಸಿದ್ಧವಾಗಿತ್ತು. ಆದರೆ ಊರ ಹೆಸರು ಕಿವಿಗೆ ಬಿದ್ದದ್ದೇ, ಒಳಗಿನಿಂದ ಹಳೆಯ ‘ನಾ’ ಹಗ್ಗ ಹರಿದ ಹೋರಿಯಂತೆ ನುಗ್ಗಿ ಬಂತು. ಎರಡೂ ತುಟಿಯ ಹತ್ತಿರ ಗುದ್ದಾಡಿದವು. ಯಾವುದು ಮೊದಲು ಹೊರಗೆ ಬೀಳುತ್ತದೋ ಅವನಿಗೇ ತಿಳಿಯದು. ಹೆದರಿ ತುಟಿ ಬಿಗಿದ. ಸಾಲದೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಪೇಶಕಾರ: ಮೆಂಬರ್ ಬೇವೂರ್! ಬೋಲೋ!

ಮುದಿಯಪ್ಪನಿಗೆ ಅದು ‘ಬೋಳೋ’ ಎಂದು ಕೇಳಿಸಿ, ತಲೆ ಬೋಳೇ ಎಂದು ರುಮಾಲು ತೆಗೆಸಿ ನೋಡುತ್ತಾರೆಂದು ಒಂದು ಕೈ ತಲೆಯ ಮೇಲೆ ಒತ್ತಿಕೊಂಡ. ಇನ್ನೊಂದು ಕೈ ಬಾಯಿ ಬಿಡಲಿಲ್ಲ. ಹಿಂದಿನಿಂದ ಫಕ್ರುದ್ದೀನ ಸೂಜಿಯಿಂದ ಚುಚ್ಚಿದ. ಮುದಿಯಪ್ಪನ ಕಣ್ಣಲ್ಲಿ ನೀರು ಬಂತೇ ಹೊರತು ಬಾಯಲ್ಲಿ ಮಾತು ಬರಲಿಲ್ಲ. ಸದರ್ ಸಾಹೇಬರು ನಿಟ್ಟುಸಿರು ಬಿಟ್ಟು, ಬಾವಿಯನ್ನು ಮಗ್ಗಲ ಊರಿಗೆ ಕೊಡಲು ಕೈ ಎತ್ತಿದರು.

ಆಗ ಬಿದಿರಿನ ಪರದೆ ನಡುಗುವಂತೆ ಒಂದು ಕೂಗು ಬಂತು:

— ಬಾಯಿ ತಗೀರೀ!

ತನಗೆ ಕನ್ನಡ ಚೆನ್ನಾಗಿ ಬರುತ್ತದೆಂದು ಪೇಶಕಾರನಿಗೆ ಬಹಳ ಹೆಮ್ಮೆ. ಅದನ್ನು ತೋರಿಸುವ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದ ಅವನು ಎದೆ ಉಬ್ಬಿಸಿ ಮುಂದೆ ಬಂದ.

ಪೇಶಕಾರ: ಹುಜೂರ್, ‘ಬಾವಿ ತಗೀರಿ’ ಅಂತ! ಬಾವಿ ತೋಡ್ರಿ ಅಂತ ಹೇಳತಾರ!

ಸದರ್ ಸಾಹೇಬ: ಯಾರ ಆವಾಜ್ ಅದು?

ಪೇಶಕಾರ ಅತ್ತಿತ್ತ ನೋಡಿದ. ಮುದಿಯಪ್ಪ ಬಾಯಿ ಮುಚ್ಚಿಕೊಂಡೇ ಇದ್ದ. ಫಕ್ರುದ್ದೀನ ಎದ್ದು ನಿಂತು ನಡು ಬಗ್ಗಿಸಿದ.

ಫಕ್ರುದ್ದೀನ: ಬೇವೂರಿನ ಆವಾಜ್, ಹುಜೂರ್.

ಸದರ್ ಸಾಹೇಬ: ಮಂಜೂರ್!

ಮರಳುವಾಗ ಎತ್ತುಗಳು ತಮ್ಮ ಪಾಡಿಗೆ ನಡೆದವು. ಬಹಳ ದೂರ ಬಂದ ಮೇಲೆ ಮುದಿಯಪ್ಪ ಮೆಲ್ಲಗೆ ಕೈ ಇಳಿಸಿದ.

ಮುದಿಯಪ್ಪ: ಒಂದ ಮಾತು ಕೇಳತೀನಿ. ಇವತ್ತಿನ ಓಟು ಯಾರದು? ನಂದೋ, ನಿಂದೋ?

ಹುಲಿಗವ್ವ: ಓಟು ನಿಮ್ಮದ. ನಾ ನಿಮ್ಮನ್ನ ಬೈದೆ ಅಷ್ಟ.

ಫಕ್ರುದ್ದೀನ: ಸರಕಾರಕ್ಕ ತಿಳಿದ ಮೊದಲನೇ ಕನ್ನಡ ಬೈಗುಳ ವೈನಿ, ಅದೂ ತಪ್ಪು ತಿಳಿದದ್ದು!

ಅಗಸಿಯಲ್ಲಿ ಊರೇ ಕೂಡಿತ್ತು. ಸುದ್ದಿ ಎತ್ತುಗಳಿಗಿಂತ ಮುಂಚೆ ಬಂದು, ಬರುವ ದಾರಿಯಲ್ಲಿ ಮೈ ಬೆಳೆಸಿಕೊಂಡಿತ್ತು. ನಮ್ಮ ಮೆಂಬರರು ಒಂದೇ ಉಸಿರಿಗೆ ಅರ್ಧ ದಿನ ಭಾಷಣ ಮಾಡಿದರಂತೆ, ಸದರ್ ಸಾಹೇಬರು ಅತ್ತರಂತೆ.

ಯಂಕೋಬ: ಧಣೇರ, ಅಲ್ಲಿ ಗುಡುಗಿದ್ದನ್ನ ನಮಗೂ ಒಂದ್ ನಾಕ ಮಾತು ಹೇಳ್ರಿ.

ಮುದಿಯಪ್ಪ ಚಕ್ಕಡಿಯ ಮೇಲೆ ಎದ್ದು ನಿಂತ. ರುಮಾಲು ಸರಿಪಡಿಸಿಕೊಂಡ. ಎದೆ ಸೆಟಿಸಿದ. ತುಟಿ ಬಿಚ್ಚಬೇಕು, ಅಷ್ಟರಲ್ಲಿ ಹುಲಿಗವ್ವ ಅವನ ಶೇರವಾನಿ ಜಗ್ಗಿ ಕೂಡಿಸಿದಳು.

ಹುಲಿಗವ್ವ: ಯಾರೂ ಇವರನ್ನ ಮಾತಾಡಸಬ್ಯಾಡ್ರಿ. ಬಾವಿ ತಗದು ನೀರು ಕಾಣೋತನಕ ಬಾಯಿ ಮುಚ್ಚಿರಲಿ. ಇವರು ಬಾಯಿ ತಗದ್ರ, ಕಚೇರಿಯವರು ಬಾವಿ ಮುಚ್ಚತಾರ!