ಕೆಡದ ಸ್ಟಾರ್ಟರ್

ಶಶಿಧರನ ಆವತ್ತಿನ ಗ್ರಹಚಾರ ಶುರುವಾದದ್ದು ಒಂದು ಕಾಲರ್ ಟ್ಯೂನ್ ಜಾಹೀರಾತಿನ ಫೋನಿನಿಂದ. ಫೋನು ಬಂದದ್ದು ಅವನಿಗಲ್ಲ. ಯಗಟಿಯ ದೊಡ್ಡಬೀರಪ್ಪನ ತೆಂಗಿನ ತೋಟದಲ್ಲಿ ಗೋಡೆಗೆ ನೇತುಬಿದ್ದಿದ್ದ ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಗೆ.

ಕಡೂರಿನ ಮಲ್ಲಿಕಾರ್ಜುನ ತನ್ನ ವರ್ಕ್‌ಶಾಪಿನಲ್ಲಿ ಮಾಡಿ ಮಾರುವ ಪೆಟ್ಟಿಗೆ ಅದು. ಒಳಗೊಂದು ಸಿಮ್ಮು. ಮನೆಯಲ್ಲಿ ಕೂತು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಓಡುತ್ತದೆ, ಇನ್ನೊಂದು ಕೊಟ್ಟರೆ ನಿಲ್ಲುತ್ತದೆ. ತೊಟ್ಟಿ ತುಂಬಿದರೆ ನೀರಲ್ಲಿ ತೇಲುವ ಬುರುಡೆ ಸುದ್ದಿ ಮುಟ್ಟಿಸುತ್ತದೆ, ಪೆಟ್ಟಿಗೆ ತಾನೇ ಮೋಟರ್ ನಿಲ್ಲಿಸುತ್ತದೆ. ಆವತ್ತು ಬೆಳಿಗ್ಗೆ ತೊಟ್ಟಿ ತುಂಬಿ ಬುರುಡೆ ಸುದ್ದಿ ಹೇಳುವುದಕ್ಕೂ ಆ ಹಾಳು ಫೋನು ಬರುವುದಕ್ಕೂ ಸರಿಹೋಯಿತು. ಪೆಟ್ಟಿಗೆ ಫೋನಿನ ಕಡೆ ತಿರುಗಿದ್ದೇ ಬುರುಡೆಯನ್ನು ಮರೆತೇಬಿಟ್ಟಿತು. ಉಕ್ಕಿ ಹರಿದ ನೀರು ಪಕ್ಕದ ಯಲ್ಲಮ್ಮನ ಕಣಕ್ಕೆ ನುಗ್ಗಿ, ಒಣಹಾಕಿದ್ದ ರಾಗಿಯನ್ನೆಲ್ಲ ನೆನೆಸಿಹಾಕಿತು.

"ನಿಮ್ ಇಂಜಿನೇರಪ್ಪಂಗೆ ಏಳಿ, ನನ್ ರಾಗಿ ಮೊಳಕೆ ಬರೋದ್ರೊಳಗೆ ಬಂದು ಮಕ ತೋರಿಸ್ಲಿ!" ಎಂದು ಯಲ್ಲಮ್ಮ ಫೋನಿನಲ್ಲಿ ಕೂಗಿದ್ದು ವರ್ಕ್‌ಶಾಪಿನ ಮೂಲೆಮೂಲೆಗೂ ಕೇಳಿಸಿತು.

ಆ ಇಂಜಿನೇರಪ್ಪನೇ ಶಶಿಧರ. ಆದರೆ ತಪ್ಪು ಅವನದಲ್ಲ. ಪೆಟ್ಟಿಗೆಯೊಳಗೂ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಇರುತ್ತದೆ, ಅದರ ನಡುಮನೆಯಲ್ಲಿ, ಯಾವ ಕೆಲಸ ಯಾವಾಗ ಎಂದು ಹೇಳುವ ಯಜಮಾನನಂತೆ, ಕರ್ನಲ್ ಎಂಬ ಪ್ರೋಗ್ರಾಂ ಕೂತಿರುತ್ತದೆ. ಕೆಲಸದ ನಡುವೆ ಹೊರಗಿನಿಂದ ಬರುವ ಕೂಗಿಗೆ ಇಂಟರಪ್ಟ್ ಅನ್ನುತ್ತಾರೆ. ಹಿಂದೆ ವರ್ಕ್‌ಶಾಪಿನಲ್ಲಿದ್ದ ದೇವರಾಜ ಬರೆದಿದ್ದ ಕರ್ನಲ್ಲು ಮದುವೆ ಮನೆಯಲ್ಲಿ ಗಾಬರಿಬಿದ್ದ ಬಡಿಸುವವನಂತೆ. "ಸಾರು" ಎಂದು ಯಾರಾದರೂ ಕೂಗಿದರೆ ಪಾಯಸದ ಬಕೆಟ್ಟನ್ನು ಯಾರದೋ ಎಲೆಯ ಮೇಲೇ ಇಟ್ಟು ಓಡುತ್ತಿತ್ತು. ದೇವರಾಜ ಈಗ ತರೀಕೆರೆಯಲ್ಲಿ ಬೇಕರಿ ಇಟ್ಟಿದ್ದ. ಕೋಡಿನ ಬಗ್ಗೆ ಫೋನು ಮಾಡಿದರೆ ಎಗ್ ಪಫ್ಸಿನ ಬಗ್ಗೆ ಮಾತಾಡುತ್ತಿದ್ದ.

ಶಶಿಧರ ಒಂದು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಆ ಗೋಜಲನ್ನೆಲ್ಲ ಬಿಡಿಸಿ ಸರಳ ಮಾಡಿದ್ದ. ಯಾರೇ ಕೂಗಲಿ, ಕೈಯಲ್ಲಿರುವ ಕೆಲಸ ಬಿಡುವ ಹಾಗಿಲ್ಲ. "ಬಂದಿದ್ದಾರೆ" ಎಂದು ಗುರುತು ಹಾಕಿಕೊಂಡು, ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸುವುದು. ಇಷ್ಟೇ.

"ಇವತ್ತೇ ಹೋಗಿ ನಿನ್ನ ಹೊಸದನ್ನ ಹಾಕ್ಬಾ," ಎಂದ ಮಲ್ಲಿಕಾರ್ಜುನ. "ಯಗಟಿಯಿಂದ ಇನ್ನೊಂದು ಕಂಪ್ಲೇಂಟ್ ಬಂತು ಅಂದ್ರೆ ನಾನು ಹೊರಗಡೆಯಿಂದ ರೆಡಿ ಬೋರ್ಡ್ ತರಿಸ್ತೀನಿ. ಆಮೇಲೆ ನೀನೂ ಒಂದು ಬೇಕರಿ ಇಡು."

ಶಶಿಧರ ಲ್ಯಾಪ್‌ಟಾಪು ಅಪ್ಪಿಕೊಂಡು ಯಗಟಿ ಬಸ್ಸು ಹತ್ತಿದ.

ತೋಟದ ಪಂಪ್‌ಹೌಸಿನಲ್ಲಿ ಅವನು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಊರಿನ ಅರ್ಧ ಜನ ನೆರೆದಿತ್ತು. ದೊಡ್ಡಬೀರಪ್ಪ ಬೀಡಿ ಹಚ್ಚಿ ಕಲ್ಲಿನ ಮೇಲೆ ಕೂತ. ಅವನ ಗೆಳೆಯ ಗಿಡ್ಡಪ್ಪ ಲ್ಯಾಪ್‌ಟಾಪಿನೊಳಗೇ ಇಳಿಯುವವನಂತೆ ಬಗ್ಗಿ ನಿಂತ.

"ಯಾವೂರಪ್ಪಾ ನಿಂದು?"

"ಅಜ್ಜಂಪುರ."

"ಅಜ್ಜಂಪುರದಲ್ಲಿ ಯಾರ ಮನೆ?"

ಹೇಳಿದ.

"ಮದ್ವೆ ಆಗೈತಾ?"

"ಇಲ್ಲ ಯಜಮಾನ್ರೇ, ಸ್ವಲ್ಪ ಈ ವೈರು ಹಿಡ್ಕಳಿ."

"ವೈರು ಇರ್ಲಿ ಕಣಪ್ಪಾ. ಯಾಕ್ ಆಗಿಲ್ಲ?"

ಅಂತೂ ಇಂತೂ ಹೊಸ ಕರ್ನಲ್ಲು ಪೆಟ್ಟಿಗೆಯೊಳಗೆ ಕೂತಿತು. "ಎಲ್ಲಿ, ಒಂದ್ಸಲ ಫೋನ್ ಮಾಡಿ ನೋಡಿ," ಎಂದ ಶಶಿಧರ. ಆ ಮಾತು ಒಬ್ಬರಿಗೆ ಹೇಳಿದ್ದು, ಎಲ್ಲರೂ ತಮಗೇ ಅಂದುಕೊಂಡರು. ನೆರೆದವರೆಲ್ಲ ಒಟ್ಟಿಗೆ ಮೊಬೈಲು ತೆಗೆದು ಪೆಟ್ಟಿಗೆಗೆ ಕಾಲ್ ಕೊಟ್ಟರು. ಗಿಡ್ಡಪ್ಪ ಒಂದು ಕೋಲು ತಂದು ತೊಟ್ಟಿಯೊಳಗಿನ ಬುರುಡೆಯನ್ನು ಮೇಲೆ ಕೆಳಗೆ ಆಡಿಸಿದ. ಯಲ್ಲಮ್ಮ ಪರೀಕ್ಷೆ ಮಾಡುವವಳಂತೆ ಹೋಗಿ ಮೈನ್ ಸ್ವಿಚ್ಚು ಕೆಳಗಿಳಿಸಿ ಮತ್ತೆ ಎತ್ತಿದಳು.

ಪೆಟ್ಟಿಗೆ ಯಾರನ್ನೂ ಮರೆಯಲಿಲ್ಲ. ಅದೇ ತೊಂದರೆಯಾದದ್ದು. ಬಂದ ಕೂಗನ್ನೆಲ್ಲ ಸಾಲಾಗಿ ನೆನಪಿಟ್ಟುಕೊಂಡು, ಒಂದೊಂದನ್ನೇ ಶ್ರದ್ಧೆಯಿಂದ ನೆರವೇರಿಸತೊಡಗಿತು. ಮೋಟರ್ ಗುಂಯ್ ಎಂದಿತು, ನಿಂತಿತು, ಗುಂಯ್ ಎಂದಿತು, ನಿಂತಿತು. ಎಲ್ಲರೂ ಮೊಬೈಲು ಜೇಬಿಗೆ ಹಾಕಿಕೊಂಡ ಮೇಲೂ ಬಿಕ್ಕಳಿಕೆ ಹಿಡಿದವರ ಹಾಗೆ ನಡೆಯುತ್ತಲೇ ಇತ್ತು.

"ಸುಟ್ಟೋಯ್ತದೆ ಕಣೋ ನನ್ ಮೋಟ್ರು!" ಎಂದು ದೊಡ್ಡಬೀರಪ್ಪ ಬೀಡಿ ಎಸೆದು ಎದ್ದ.

"ನಿಂಬೆಹಣ್ಣು ಇಟ್ಟು ಶುರು ಮಾಡ್ಬೇಕಿತ್ತು," ಎಂದ ಗಿಡ್ಡಪ್ಪ.

ಶಶಿಧರ ಓಡಿ ಮೈನ್ ಇಳಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ಕಣ್ಣ ಮುಂದೆ ಬೇಕರಿಯ ಗಾಜಿನ ಕಪಾಟು ಬಂದು ಹೋಯಿತು. ಒಂದು ತೆಂಗಿನ ಬುಡಕ್ಕೆ ಹೋಗಿ ಕೂತು ಯೋಚಿಸಿದ. ಅಲ್ಲ, ಒಬ್ಬನೇ ಮನುಷ್ಯ ಹತ್ತು ಸಲ ಬಾಗಿಲು ಬಡಿದರೆ ಹತ್ತು ಸಲ ಊಟ ಹಾಕಬೇಕೇ? ಬಂದಿದ್ದಾನೆ ಎಂದು ಗೊತ್ತಾದರೆ ಸಾಲದೇ? ಕೂಗುಗಳನ್ನು ನೆನಪಿಡುವ ಆ ಸಾಲನ್ನೇ ಕಿತ್ತುಹಾಕಿದ. ಫೋನಿಗೆ ಒಂದು ಗುರುತು, ಕೊನೆಗೆ ಕೇಳಿದ್ದೇ ಮಾತು. ಕರೆಂಟಿಗೆ ಒಂದು ಗುರುತು. ಬುರುಡೆಗೆ ಒಂದು, ಅದನ್ನು ಎಲ್ಲಕ್ಕಿಂತ ಮೊದಲು ನೋಡುವುದು. ಬರೆದದ್ದು ಇನ್ನೂ ಚಿಕ್ಕದಾಯಿತು. ಎಷ್ಟು ಚಿಕ್ಕದೆಂದರೆ, ಇದಕ್ಕೇ ತಿಂಗಳು ತೆಗೆದುಕೊಂಡೆನಾ ಎಂದು ಅವನಿಗೇ ನಾಚಿಕೆಯಾಯಿತು.

ಈ ಸಲ ಊರೆಲ್ಲ ಒಟ್ಟಿಗೆ ಮೇಲೆ ಬಿದ್ದರೂ ಪೆಟ್ಟಿಗೆ ಅಲುಗಲಿಲ್ಲ. ತೊಟ್ಟಿ ತುಂಬಿತು, ಮೋಟರ್ ನಿಂತಿತು, ಒಂದು ಹನಿ ಆಚೆ ಚೆಲ್ಲಲಿಲ್ಲ. ಯಲ್ಲಮ್ಮ ತೊಟ್ಟಿಯ ಸುತ್ತ ಒಂದು ಸುತ್ತು ಬಂದು, "ಪರ್ವಾಗಿಲ್ಲ," ಎಂದಳು. ಆ ಊರಿನಲ್ಲಿ ಅವಳ ಬಾಯಿಂದ ಅಷ್ಟು ಹೊಗಳಿಕೆ ಪಡೆದವರಿರಲಿಲ್ಲ.

ದೊಡ್ಡಬೀರಪ್ಪನ ಹೆಂಡತಿ ದುರ್ಗಮ್ಮ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಶಶಿಧರ ಹೊಟ್ಟೆ ತುಂಬ ಉಂಡು, ತನ್ನ ಬಾಳಿನಲ್ಲಿ ಇಂಥ ಮಧ್ಯಾಹ್ನ ಬಂದೇ ಇಲ್ಲ ಎಂದುಕೊಳ್ಳುತ್ತ ಬಸ್‌ಸ್ಟಾಂಡಿನ ಕಡೆ ಹೊರಟ. ಜೊತೆಗೆ ದೊಡ್ಡಬೀರಪ್ಪ ಬಂದ. ಹುಣಸೆಮರದ ಹತ್ತಿರ ಹಿಂದೆ ಮುಂದೆ ನೋಡಿ ಅವನ ತೋಳು ಹಿಡಿದ.

"ಅಪ್ಪಾ, ಹಳೇದನ್ನೇ ಹಾಕ್ಕೊಟ್ಬಿಡು."

"ಏನ್ ಯಜಮಾನ್ರೇ? ಚೆನ್ನಾಗಿದೆಯಲ್ಲ!"

"ಅದಕ್ಕೇ ಕಣಪ್ಪಾ ಏಳ್ತಿರೋದು. ಅದು ಕೆಡ್ತಿತ್ತು, ನಾನು ರಿಪೇರಿ ಅಂತ ತೋಟಕ್ಕೆ ಹೋಗ್ತಿದ್ದೆ. ಪಂಪ್‌ಹೌಸ್ ನೆಳ್ಳಲ್ಲಿ ನಾನು, ಗಿಡ್ಡಪ್ಪ ಆಡುಹುಲಿ ಆಟ ಆಡ್ಕೊಂಡು ಸುಖವಾಗಿದ್ವಿ. ಈಗ ಯಾವ ನೆಪ ಏಳ್ಲಿ? ಮನೇಲಿ ಕೂತ್ರೆ ಮೂಟೆ ಎತ್ತಿಡಿ, ತೆಂಗಿನಕಾಯಿ ಸುಲೀರಿ ಅಂತಾಳೆ."

"ನನ್ನ ಕೆಲಸ ಹೋಗುತ್ತೆ ಯಜಮಾನ್ರೇ."

"ಭಾಳ ಚೆನ್ನಾಗೈತೆ ಅಂತ ನಿನ್ ಸಾವ್ಕಾರಂಗೆ ನಾನೇ ಫೋನ್ ಮಾಡ್ತೀನಿ. ತೊಟ್ಟಿ ತುಂಬೋ ಹೊತ್ಗೆ ಅಲ್ಲೇ ಇರ್ತೀನಿ, ಯಲ್ಲಮ್ಮನ ಕಣಕ್ಕೆ ಒಂದ್ ತೊಟ್ಟು ಬಿಡಲ್ಲ. ದುರ್ಗಿಗೆ ಮಾತ್ರ ಗೊತ್ತಾಗ್ಬಾರ್ದು."

ಮುದುಕನ ಮುಖ ನೋಡಿ ಶಶಿಧರನ ಮನಸ್ಸು ಕರಗಿತು. ಇಬ್ಬರೂ ಕಳ್ಳರ ಹಾಗೆ ಹಿಂದಿನ ಬೇಲಿ ನುಸುಳಿ ಒಳಹೊಕ್ಕರು. ಮುಳ್ಳು ಸಿಕ್ಕಿ ಶಶಿಧರನ ಅಂಗಿ ಹರಿಯಿತು. ಲ್ಯಾಪ್‌ಟಾಪಿನಲ್ಲಿದ್ದ ದೇವರಾಜನ ಹಳೇ ಗೋಜಲನ್ನೇ ಪೆಟ್ಟಿಗೆಗೆ ತುಂಬಿ, ಓಡಿ ಬಸ್ಸು ಹಿಡಿದ. ಕೆಲಸ ಉಳಿಯಿತು, ಹಿರಿಯರ ಆಶೀರ್ವಾದವೂ ಸಿಕ್ಕಿತು ಎಂದು ದಾರಿಯುದ್ದಕ್ಕೂ ನಗುತ್ತಲೇ ಬಂದ.

ಕಡೂರು ತಲುಪಿದಾಗ ಮಲ್ಲಿಕಾರ್ಜುನ ಬಾಗಿಲಲ್ಲೇ ನಿಂತಿದ್ದ.

"ಬಾರಯ್ಯ, ಬಾ. ದುರ್ಗಮ್ಮ ಫೋನ್ ಮಾಡಿದ್ರು."

"ಯಜಮಾನ್ರಲ್ವಾ ಸಾರ್?"

"ಅವರೂ ಮಾಡಿದ್ರು, ಏನೋ ಹೊಗಳಿದ್ರು. ಆಮೇಲೆ ದುರ್ಗಮ್ಮ ಮಾಡಿದ್ರು. ನಿನ್ನ ಬಸ್ಸು ಊರು ದಾಟೋ ಮೊದಲೇ ಪೆಟ್ಟಿಗೆ ಕೆಟ್ಟಿತಂತೆ."

ಶಶಿಧರ ಲ್ಯಾಪ್‌ಟಾಪನ್ನು ಹರಿದ ಅಂಗಿಗೆ ಅಡ್ಡ ಹಿಡಿದ. "ಸಾರ್, ಅದು ಏನಾಯ್ತು ಅಂದ್ರೆ..."

"ಯಜಮಾನರು ಟವೆಲ್ಲು ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ಹೋದ್ರಂತೆ. ಆಯಮ್ಮ ದೇವರ ಮುಂದೆ ದೀಪ ಹಚ್ಚಿದ್ದಾರೆ! ನೀನು ರಿಪೇರಿ ಮಾಡಿಬಿಟ್ಟೆ ಅಂತ ಎದೆ ಒಡೆದುಕೊಂಡಿದ್ರಂತೆ. ಗಂಡ ಮನೇಲಿದ್ರೆ ಅಡುಗೆಮನೆ ಬಾಗಿಲಲ್ಲೇ ಕೂತು ಸಾರಿಗೆ ಇಷ್ಟು ಉಪ್ಪು ಯಾಕೆ, ಟಿವಿಲಿ ಈ ಧಾರಾವಾಹಿ ಯಾಕೆ ಅಂತ ತಲೆ ತಿಂತಾರಂತೆ. ಮೂಟೆ ಎತ್ತಿ ಅಂತ ಗದರಿ ಗದರಿ ಹೊರಗೆ ಕಳಿಸಿ ಸಾಕಾಗಿದೆಯಂತೆ. ಹೀಗೆ ಕೆಡೋ ಪೆಟ್ಟಿಗೆ ಇದ್ರೆ ಗದರೋದೇ ಬೇಕಾಗಲ್ಲವಂತೆ."

ಶಶಿಧರ ಲ್ಯಾಪ್‌ಟಾಪನ್ನು ಬಾಗಿಲ ಪಕ್ಕ ಇಳಿಸಿಟ್ಟ.

"ಅವರ ಸಂಘದ ಹೆಂಗಸರೆಲ್ಲ ಸೇರಿ ಅಂಥದ್ದೇ ಬೇಕು ಅಂತ ಆರ್ಡರ್ ಕೊಟ್ಟಿದ್ದಾರೆ. ಯಲ್ಲಮ್ಮನೂ ಒಂದು ಕೇಳಿದಾಳೆ, ಅವಳ ಗಂಡನಿಗೆ. ಆದ್ರೆ ನೋಡು, ನಮ್ಮ ಪೆಟ್ಟಿಗೆಗೆ ಈಗ ಬರ್ತಿರೋ ಹೊಸ ಬೋರ್ಡಿನಲ್ಲಿ ದೇವರಾಜನ ಕರ್ನಲ್ಲು ಓಡಲ್ಲ. ನಿಂದೇ ಹಾಕಬೇಕು. ನೀನು ಬಿಡಿಸಿದ್ದನ್ನೆಲ್ಲ ಮತ್ತೆ ಗೋಜಲು ಮಾಡು."

"ಸಾರ್!"

"ಸುಮ್ಮನೆ ಕೆಟ್ಟರೆ ಸಾಲದು, ತಿಳೀತಾ? ತಿಂಡಿ ಆದ ಮೇಲೆ ಕೆಡಬೇಕಂತೆ. ಊಟದ ಹೊತ್ತಿಗೆ ತಾನೇ ಸರಿಹೋಗಬೇಕಂತೆ. ಸಂಜೆ ಧಾರಾವಾಹಿ ಶುರುವಾಗೋ ಹೊತ್ತಿಗೆ ಮತ್ತೆ ಕೆಡಬೇಕಂತೆ. ಭಾನುವಾರ ಬೇರೆ ಟೈಮು, ದುರ್ಗಮ್ಮ ನಾಳೆ ಹೇಳ್ತಾರಂತೆ."