ದೊಡ್ಡಮ್ಮನ ಇಲಾಖೆ

ದೇವರಿಗೆ ಕೆಲಸ ಕಡಿಮೆ ಮಾಡಿಕೊಟ್ಟ ಭಕ್ತೆ ಇಡೀ ಮೈಸೂರಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ದೊಡ್ಡಮ್ಮ. ನಂಬಿಕೆ ಬರದಿದ್ದರೆ ಜಯಲಕ್ಷ್ಮಿಪುರಂಗೆ ಬನ್ನಿ. ವಿಳಾಸ ಬೇಕಿಲ್ಲ, ಎಲ್ಲಿ ಸೀಟಿ ಕೇಳಿಸುತ್ತದೋ ಅಲ್ಲಿ ನಿಂತುಕೊಳ್ಳಿ. ನಮ್ಮ ಹಿತ್ತಲಿನ ಕಾಂಪೌಂಡ್ ಗೋಡೆಯಾಚೆಗೇ ಅವರ ಅಡುಗೆಮನೆ ಕಿಟಕಿ. ನಾನು ಇಲ್ಲಿ ಒಗ್ಗರಣೆ ಹಾಕಿದರೆ ಅವರು ಅಲ್ಲಿಂದ "ಸಾಸಿವೆ ಸೀದೋಯ್ತು ಕಣೇ" ಅನ್ನುವಷ್ಟು ಹತ್ತಿರ.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಮದುವೆಯಾಗಲಿಲ್ಲ. ಹುಡುಗಿಯರ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದು ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತು, ಅವರು ಸೀಟಿಯನ್ನು ಬಿಡಲಿಲ್ಲ. ದಾರದಲ್ಲಿ ಪೋಣಿಸಿದ ಆ ಸ್ಟೀಲಿನ ಸೀಟಿ ಸದಾ ಕುತ್ತಿಗೆಯಲ್ಲಿ. ದಿನಬಳಕೆಗೆ ಕಪ್ಪು ದಾರ, ಹಬ್ಬಕ್ಕೆ ಸೀರೆಯ ಅಂಚಿಗೆ ಹೊಂದುವ ದಾರ. ಹಾಲಿನವನಿಗೆ ಚಿಕ್ಕದಾಗಿ ಎರಡು ಸಲ ಊದುತ್ತಾರೆ, ಬೀದಿನಾಯಿಗೆ ಜೋರಾಗಿ ಮೂರು ಸಲ, ಗೇಟಿಗೆ ಅಡ್ಡ ಕಾರು ನಿಲ್ಲಿಸಿದವರಿಗೆ ಕಾರು ಹೋಗುವವರೆಗೆ.

ಇನ್ನು ದೇವರ ವಿಚಾರ. ನಾವು ಅಜ್ಜನ ಕಾಲದಿಂದ ಕ್ರೈಸ್ತರು. ದೊಡ್ಡಮ್ಮ ಭಾನುವಾರ ತಪ್ಪಿಸಿದವರಲ್ಲ. ಚರ್ಚಿನಲ್ಲಿ ಮುಂದಿನ ಬೆಂಚೇ ಆಗಬೇಕು, ಕೀರ್ತನೆಯನ್ನು ವಾದ್ಯಕ್ಕಿಂತ ಒಂದು ಹೆಜ್ಜೆ ಮುಂದೆಯೇ ಹಾಡಬೇಕು. ಭಕ್ತಿಗೆ ಯಾವ ಕೊರತೆಯೂ ಇಲ್ಲ. ಆದರೆ ದೇವರ ಹತ್ತಿರ ಏನನ್ನೂ ಕೇಳುವುದಿಲ್ಲ. ಕೇಳುವುದು ಅವರ ಪ್ರಕಾರ ಅಶಿಸ್ತು.

"ಸೂರ್ಯ, ಮಳೆ, ಹುಟ್ಟು, ಸಾವು, ಮಾವಿನ ಮರ ಹೂ ಬಿಡೋದು, ಇವೆಲ್ಲ ಅವನ ಇಲಾಖೆ," ಎಂದು ನನಗೆ ವಿವರಿಸಿದ್ದರು. "ಮಿಕ್ಕಿದ್ದೆಲ್ಲಾ ನನ್ನ ಇಲಾಖೆ. ಕೈ ಕಾಲು ಕೊಟ್ಟಾಯ್ತಲ್ಲ. ಇನ್ನೂ ಅವನ ಹಿಂದೆ ಹಿಂದೆ ಓಡಾಡ್ಕೊಂಡು ಅದು ಕೊಡು ಇದು ಕೊಡು ಅಂದ್ರೆ ಅವನಿಗಾದ್ರೂ ಏನನ್ಸಲ್ಲ?"

"ಮತ್ತೆ ಚರ್ಚಿಗೆ ಯಾಕೆ ಹೋಗ್ತೀರ ದೊಡ್ಡಮ್ಮ?"

"ಥ್ಯಾಂಕ್ಸ್ ಹೇಳೋಕೆ. ಕಾನ್ವೆಂಟಲ್ಲಿ ಸಿಸ್ಟರ್‌ಗಳು ನಿಂಗೆ ಮ್ಯಾನರ್ಸ್ ಹೇಳ್ಕೊಡ್ಲಿಲ್ವಾ?"

ಹೇಳಿಕೊಟ್ಟಿದ್ದರು. ಥ್ಯಾಂಕ್ಸ್, ಸಾರಿ, ಪ್ಲೀಸ್, ಮೂರನ್ನೂ ಹೇಳಿಕೊಟ್ಟಿದ್ದರು. ದೊಡ್ಡಮ್ಮನ ಬಾಯಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಅಪರೂಪ, ಮೂರನೆಯದನ್ನು ಕೇಳಿದವರು ನಮ್ಮ ವಂಶದಲ್ಲೇ ಇರಲಿಲ್ಲ.

ಗ್ಯಾಸ್ ಸಿಲಿಂಡರ್ ಬಂತೆನ್ನಿ. ಎಲ್ಲರ ಮನೆಯಲ್ಲೂ ಸಿಲಿಂಡರಿನವನು ಅಡುಗೆಮನೆಗೇ ತಂದಿಡುತ್ತಾನೆ. ಇಲ್ಲಿ ಅವನಿಗೆ ಗೇಟು ದಾಟುವ ಅಪ್ಪಣೆಯಿಲ್ಲ.

"ಬುಡಿ ಅಮ್ಮಾವ್ರೇ, ನಾನೇ ಒಳಗಿಡ್ತೀನಿ."

"ಹೋದ ಸಲ ಸೊಂಟನೋವು ಅಂತಿದ್ದೆ. ನಿಂಗ್ಯಾಕೆ ಉಸಾಬರಿ, ಪಕ್ಕಕ್ಕೆ ನಿಂತ್ಕೋ."

ಎಪ್ಪತ್ತು ದಾಟಿದ ದೊಡ್ಡಮ್ಮ ಸೆರಗು ಸಿಕ್ಕಿಸಿ, ಸಿಲಿಂಡರನ್ನು ಓರೆ ಮಾಡಿ, ಅಂಚಿನ ಮೇಲೆ ಉರುಳಿಸಿಕೊಂಡು ಒಳಗೆ ಹೋಗುತ್ತಾರೆ. ವಾಪಸ್ ಬಂದು ಅವನಿಗೆ ಸೊಂಟದ ವ್ಯಾಯಾಮ ಹೇಳಿಕೊಡುತ್ತಾರೆ. ನಮ್ಮ ಬೀದಿಗೆ ಸಿಲಿಂಡರ್ ತಡವಾಗಿ ಬಂದರೆ ನಾವು ಯಾರೂ ಏಜೆನ್ಸಿಗೆ ಫೋನ್ ಮಾಡುವುದಿಲ್ಲ. ದೊಡ್ಡಮ್ಮನ ಗೇಟಿನ ಹತ್ತಿರ ಇಣುಕುತ್ತೇವೆ. ಅಲ್ಲಿ ಯೂನಿಫಾರ್ಮಿನ ಮನುಷ್ಯನೊಬ್ಬ ಕಾಲ್ಬೆರಳು ಮುಟ್ಟಲು ಒದ್ದಾಡುತ್ತಿರುತ್ತಾನೆ.

ಬುಧವಾರ ಮಧ್ಯಾಹ್ನ ನಮ್ಮ ಚರ್ಚಿನ ಸಭೆಯ ಹೆಂಗಸರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತೇವೆ. ಮೊದಲು ಎಲ್ಲರೂ ವೃತ್ತವಾಗಿ ಕೂತು ತಮ್ಮ ತಮ್ಮ ಪ್ರಾರ್ಥನೆ ವಿಷಯ ಹೇಳಬೇಕು. ಮಗಳ ಮದುವೆ, ಮೊಮ್ಮಗನ ಪರೀಕ್ಷೆ, ಯಜಮಾನರ ಶುಗರ್ರು. ಆಮೇಲೆ ಎಲ್ಲರ ಪರವಾಗಿ ಒಬ್ಬರು ಪ್ರಾರ್ಥಿಸುತ್ತಾರೆ. ಪದ್ಧತಿ ಇಷ್ಟೇ. ದೊಡ್ಡಮ್ಮನ ಸರದಿ ಬಂದಾಗ ಮಾತ್ರ ಪ್ರತಿ ವಾರವೂ ಒಂದೇ ಉತ್ತರ:

"ನಂದೇನಿಲ್ಲ. ಮುಂದಿನೋರು."

ಇಲವಾಲದಿಂದ ಬಸ್ಸಿನಲ್ಲಿ ಬರುವ ಹೆಂಗಸೊಬ್ಬರಿದ್ದಾರೆ, ನಾವೆಲ್ಲ ಅಕ್ಕ ಅನ್ನುತ್ತೇವೆ. ಅವರ ಬೋರ್‌ವೆಲ್ ಪ್ರತಿ ಬುಧವಾರವೂ ಒಂದು ವಿಷಯ. ಪ್ರಾರ್ಥನೆ ಅವರ ಪಾಲಿಗೆ ಬಂದರೆ ಮುಗಿಯಿತು, ಬೈಬಲಿನ ಅಬ್ರಹಾಮನಿಂದ ಶುರುಮಾಡಿ ಬೋರ್‌ವೆಲ್ ತಲುಪುವಷ್ಟರಲ್ಲಿ ಕಾಫಿ ಆರಿರುತ್ತದೆ. ಒಂದು ಬುಧವಾರ ಅವರು ಇನ್ನೂ ಕೆಂಪು ಸಮುದ್ರದ ಹತ್ತಿರ ಇದ್ದಾಗ ಸೀಟಿ ಕೂಗಿತು. ಎಲ್ಲರೂ ಬೆಚ್ಚಿ ಕಣ್ಣು ಬಿಟ್ಟೆವು.

"ಟೈಮಾಯ್ತು," ಅಂದರು ದೊಡ್ಡಮ್ಮ. "ಅಕ್ಕ, ನೀರು ಬರ್ತಿಲ್ವೋ, ಮೋಟರ್ ಓಡ್ತಿಲ್ವೋ?"

"ಮೋಟ್ರೇ ಕಣ್ ಟೀಚರಮ್ಮ. ಗುಂಯ್ ಅಂತದೆ, ನಿಂತೋಯ್ತದೆ."

"ನೀರು ಅವನ ಇಲಾಖೆ, ಮೋಟರ್ ನನ್ನದು. ಆಮೆನ್ ಅನ್ನಿ, ಹೋಗೋಣ."

ಹೊರಟೇಬಿಟ್ಟರು. ತಮ್ಮ ಹಳೇ ಮೊಪೆಡ್ಡಿನಲ್ಲಿ ಉದಯಗಿರಿಗೆ ಹೋಗಿ, ಗೊತ್ತಿದ್ದ ಮೆಕ್ಯಾನಿಕ್ಕನನ್ನು ಹಿಂದೆ ಕೂರಿಸಿಕೊಂಡು, ಊರಿನ ಈ ತುದಿಯಿಂದ ಆ ತುದಿ ದಾಟಿ ಇಲವಾಲಕ್ಕೆ. ಸಂಜೆಗೆ ನೀರು ಬಂತು. ಮುಂದಿನ ಬುಧವಾರ ಅಕ್ಕ ದೇವರಿಗೆ ಸ್ತೋತ್ರ ಸಲ್ಲಿಸಿದಾಗ ದೊಡ್ಡಮ್ಮ ಕೂಡ ಜೋರಾಗಿ ಆಮೆನ್ ಅಂದರು. ತಮ್ಮ ಹೆಸರು ಬರಲಿಲ್ಲವೆಂದು ಬೇಜಾರೇನಿಲ್ಲ. ಹೆಸರು ಅವನ ಇಲಾಖೆಯಂತೆ!

ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಬಹಳ ಸಾಧು ಮನುಷ್ಯ. ಒಂದು ಭಾನುವಾರ, ನೀರಿನ ಮೇಲೆ ನಡೆಯಲು ಹೋಗಿ ಮುಳುಗತೊಡಗಿದ ಶಿಷ್ಯನ ಪ್ರಸಂಗ ತೆಗೆದುಕೊಂಡರು. ಸ್ವಂತ ಬಲ ನಾಲ್ಕು ಹೆಜ್ಜೆಗೇ ಮುಗಿಯಿತು, ಆದರೆ ಕೂಗಿದ ಕೂಡಲೇ ಯೇಸುಸ್ವಾಮಿ ಕೈ ಚಾಚಿದರು ಎಂದು ಬಲು ಚೆನ್ನಾಗಿ ಹೇಳಿದರು. ಹೇಳುವಾಗ ಮುಂದಿನ ಬೆಂಚಿನ ಕಡೆ ಒಂದೆರಡು ಸಲ ನೋಡಿದರೂ ನೋಡಿದರು. ಆರಾಧನೆ ಮುಗಿದ ಮೇಲೆ ದೊಡ್ಡಮ್ಮ ಅವರನ್ನು ಬಾಗಿಲಲ್ಲಿ ಹಿಡಿದುಕೊಂಡರು.

"ಅಯ್ನೋರೇ, ಒಂದು ಡೌಟು. ಆ ಶಿಷ್ಯ ಮೀನುಗಾರ ತಾನೇ?"

"ಹೌದು ಟೀಚರಮ್ಮ."

"ಹುಟ್ಟಿದಾಗಿಂದ ನೀರಲ್ಲೇ ಇದ್ದೋನಿಗೆ ಈಜು ಬರಲ್ವಾ? ಎರಡು ಕೈ ಬೀಸಿದ್ರೆ ದೋಣಿ ಸಿಗ್ತಿತ್ತು. ಅಷ್ಟಕ್ಕೆ ಕೂಗೋದಾ?"

ಅಯ್ಯನವರು ಕನ್ನಡಕ ಒರೆಸಿಕೊಂಡು, "ಮುಂದಿನ ವಾರ ಹೇಳ್ತೀನಿ," ಅಂದರು. ಮುಂದಿನ ವಾರ ಸಾಸಿವೆ ಕಾಳಿನ ಪ್ರಸಂಗ ತೆಗೆದುಕೊಂಡರು.

ಕಳೆದ ಡಿಸೆಂಬರಿನಲ್ಲಿ ದೊಡ್ಡಮ್ಮ ಬಿದ್ದರು.

ಕ್ರಿಸ್‌ಮಸ್ ತಿಂಗಳು ಬಂತೆಂದರೆ ಅವರ ತಾರಸಿಯ ಮೂಲೆಯ ಕಂಬಿಗೆ ಕಾಗದದ ನಕ್ಷತ್ರ ಏರಬೇಕು, ಬಲ್ಬು ಒಳಗೆ ಉರಿಯಬೇಕು. ಏಣಿ ಹತ್ತುವವರು ಅವರೇ. ಕೆಳಗೆ ಏಣಿ ಹಿಡಿದುಕೊಳ್ಳುತ್ತೇನೆಂದರೆ ಬೈಗುಳ. "ನೀನು ಹಿಡ್ಕೊಂಡ್ರೆ ಏಣಿಗೆ ಅವಮಾನ" ಅನ್ನುತ್ತಾರೆ. ನನಗೆ ಗೊತ್ತಾಗದ ಹಾಗೆ ಮಧ್ಯಾಹ್ನ ಹತ್ತಿದ್ದಾರೆ. ನಾನು ಪಾತ್ರೆ ಒರೆಸುತ್ತಿದ್ದೆ. ಸೀಟಿ ಕೇಳಿಸಿತು. ಬೀದಿಯಲ್ಲಿ ಯಾರೂ ತಲೆ ಎತ್ತಲಿಲ್ಲ, ಎತ್ತುವುದು ಯಾಕೆ? ಆ ಸೀಟಿಯನ್ನು ಹಾಲಿಗೂ ಕೇಳಿದ್ದಾರೆ, ನಾಯಿಗೂ ಕೇಳಿದ್ದಾರೆ. ಆದರೆ ಅದು ಎರಡಲ್ಲ, ಮೂರಲ್ಲ. ಸಣ್ಣಗೆ, ನಡುಗುತ್ತಾ, ಒಂದೇ ಸಮನೆ. ನಾನು ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಓಡಿದೆ.

ಏಣಿಯ ಬುಡದಲ್ಲಿ ಬಿದ್ದಿದ್ದರು. ನಕ್ಷತ್ರ ಎದೆಯ ಮೇಲಿತ್ತು, ಒಂದು ಮೂಲೆಯೂ ನಲುಗಿರಲಿಲ್ಲ.

"ನಾನೇನೂ ಕರೀಲಿಲ್ಲ," ಅಂದರು ಹಲ್ಲು ಕಚ್ಚಿಕೊಂಡು. "ವಿಶಲ್ಲು ಸರಿಯಾಗಿದ್ಯಾ ಅಂತ ಊದಿ ನೋಡ್ದೆ."

ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ನೇರವಾಗಿಯೇ ಹೇಳಿದರು: ಬೇಗ ಆಪರೇಷನ್ ಮಾಡಿದರೆ ಮತ್ತೆ ನಡೆಯುತ್ತಾರೆ, ಇಲ್ಲವಾದರೆ ಹಾಸಿಗೆಯೇ ಗತಿ, ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದವರು ಏಳುವುದು ಕಷ್ಟ. ದೊಡ್ಡಮ್ಮ ಒಪ್ಪಲಿಲ್ಲ.

"ಬೇಡ. ತಾನಾಗೇ ಕೂಡುತ್ತೆ."

"ಕೂಡಲ್ಲ ಅಮ್ಮ."

"ಮೂಳೆ ಯಾರದು? ನಂದು. ನಾನು ಹೇಳಿದ್ರೆ ಕೂಡುತ್ತೆ."

ಒಂದು ದಿನ ಹೋಯಿತು, ಇನ್ನೊಂದೂ ಹೋಯಿತು. ನೆಂಟರು ಸೇಬು ಹಿಡಿದುಕೊಂಡು ಬಂದರು, ಬುದ್ಧಿಮಾತು ಬಿಟ್ಟುಹೋದರು. ನಮ್ಮ ಸೋದರಮಾವ ಕಾರಿಡಾರಿನಲ್ಲಿ ಕಾಫಿ ಹೀರುತ್ತಾ, "ಇದು ಅಹಂಕಾರಕ್ಕೆ ಬಿದ್ದ ಪೆಟ್ಟು. ದೇವರ ಮೇಲೆ ಭಾರ ಹಾಕೋದು ಗೊತ್ತಿಲ್ದಿದ್ರೆ ಇಂಗೇ ಆಗೋದು," ಅಂದರು. ಈ ಮಾವ ದೇವರ ಮೇಲೆ ಭಾರ ಹಾಕುವುದರಲ್ಲಿ ನಿಸ್ಸೀಮರು. ತಾವು ತಿಂದ ತಟ್ಟೆಯನ್ನೂ ಎತ್ತುವುದಿಲ್ಲ. ನಾನು ಜೋರಾಗಿ ಮಾತಾಡುವವಳಲ್ಲ, ಸಿಸ್ಟರ್‌ಗಳು ಹಾಗೆ ಬೆಳೆಸಲಿಲ್ಲ.

"ಮಾವ, ಕುಡಿದಾಗಿದ್ರೆ ಲೋಟ ತೊಳೆದಿಟ್ಟು ಹೊರಡಿ," ಅಂದೆ.

ತೊಳೆದಿಟ್ಟೇ ಹೊರಟರು. ಇಲಾಖೆಯ ಗಾಳಿ ನನಗೂ ಸೋಕಿತ್ತೋ ಏನೋ.

ಆದರೆ ಒಳಗೆ ನನಗೆ ದಿಗಿಲು. ಮಧ್ಯಾಹ್ನ ವಾರ್ಡು ತಣ್ಣಗಿದ್ದಾಗ ಮಂಚದ ಪಕ್ಕ ಕೂತು ಕೇಳಿದೆ. "ನೋವಿಗೆ ಹೆದರೋರಲ್ಲ ನೀವು. ಮತ್ತೆ ಯಾಕೆ ಬೇಡ ಅಂತೀರ ದೊಡ್ಡಮ್ಮ?"

ದೊಡ್ಡಮ್ಮ ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡಿದರು. ಉಗುರಿನಲ್ಲಿ ಇನ್ನೂ ನಕ್ಷತ್ರಕ್ಕೆ ಹಚ್ಚಿದ ಮೈದಾ ಅಂಟು ಒಣಗಿ ಕೂತಿತ್ತು.

"ಎಚ್ಚರ ತಪ್ಪಿಸ್ತಾರಂತೆ ಕಣೇ," ಅಂದರು. "ಹುಟ್ಟಿದಾಗಿಂದ ನನ್ನ ನಾನೇ ನೋಡ್ಕೊಂಡಿದೀನಿ. ನಿದ್ದೇಲೂ ಒಂದು ಕಣ್ಣು ಗೇಟಿನ ಮೇಲಿರುತ್ತೆ. ಅಲ್ಲಿ ಒಳಗೆ ನಾನೇ ಇರಲ್ಲ. ಆ ಹೊತ್ತಿನಲ್ಲಿ ಡ್ಯೂಟೀಲಿ ಯಾರಿರ್ತಾರೆ?"

ನಾನು ಮೆಲ್ಲಗೆ ಕೇಳಿದೆ. "ಅದು ಯಾರ ಇಲಾಖೆ ದೊಡ್ಡಮ್ಮ?"

ದೊಡ್ಡಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಮಾರನೆಯ ದಿನ ಬುಧವಾರ. ಪ್ರಾರ್ಥನೆಯ ಹೆಂಗಸರು ಆಸ್ಪತ್ರೆಗೇ ಬಂದು ಮಂಚದ ಸುತ್ತ ಸ್ಟೂಲು ಎಳೆದುಕೊಂಡು ಕೂತರು. "ನನ್ನ ಹೆಸರೆತ್ತಿದ್ರೆ ನೋಡಿ, ಊದ್ತೀನಿ," ಎಂದು ದೊಡ್ಡಮ್ಮ ಮೊದಲೇ ಸೀಟಿ ತೋರಿಸಿದರು. ಹಾಗಾಗಿ ಯಾರೂ ಎತ್ತಲಿಲ್ಲ. ಮಂಚದ ಮೇಲೆ ಅವರನ್ನು ಇಟ್ಟುಕೊಂಡು ನಾವು ಮೊಮ್ಮಗನ ಪರೀಕ್ಷೆ, ಯಜಮಾನರ ಶುಗರ್ರು ಅಂತ ಶುರುಮಾಡಿದೆವು. ವೃತ್ತ ಸುತ್ತಿಕೊಂಡು ಅವರ ಹತ್ತಿರ ಬಂತು. ಇಲವಾಲದ ಅಕ್ಕ ರೂಢಿಯಂತೆ ಬಾಯಿ ತೆರೆದರು, ಮುಂದಿನವರು ಅವರೇ ಅಲ್ಲವೇ.

"ತಡೀರಿ," ಅಂದರು ದೊಡ್ಡಮ್ಮ. "ಒಂದಿದೆ."

ನರ್ಸು ಡ್ರಿಪ್ಪಿನ ಹನಿ ಎಣಿಸುವುದನ್ನು ನಿಲ್ಲಿಸಿ ನೋಡಿದಳು.

"ಆಪರೇಷನ್ ಆಗ್ಲಿ ಅಂತ ಹೇಳಿದೀನಿ, ಬೆಳಿಗ್ಗೆ ಡಾಕ್ಟ್ರಿಗೆ. ನಾನು ಇಲ್ದಿರೋ ಹೊತ್ತಲ್ಲಿ..." ಸೀಟಿಯನ್ನು ಹೊದಿಕೆಯೊಳಗೆ ಸರಿಸಿದರು. "ಸ್ವಲ್ಪ ಹಿಡ್ಕೊಂಡಿರೋಕೆ ಅವನಿಗೆ ಹೇಳಿ. ಪ್ಲೀಸ್. ಉದ್ದ ಮಾಡ್ಬೇಡಿ."

ಪ್ರಾರ್ಥನೆ ಇಲವಾಲದ ಅಕ್ಕನ ಪಾಲಿಗೆ ಬಂತು. ಅಬ್ರಹಾಮ ಬರಲಿಲ್ಲ, ಕೆಂಪು ಸಮುದ್ರವೂ ಬರಲಿಲ್ಲ.

"ಕರ್ತನೇ, ನಮ್ ಟೀಚರಮ್ಮಂಗೆ ಎಚ್ಚರ ಇಲ್ದಿರುವಾಗ ನೀನು ಎಚ್ಚರವಾಗಿರಪ್ಪ. ಆಮೆನ್."

ಅಷ್ಟೇ. ಸೀಟಿ ಊದಲಿಲ್ಲ.

ಮರುದಿನ ಬೆಳಿಗ್ಗೆ ಆಪರೇಷನ್ ಥಿಯೇಟರಿನ ಬಾಗಿಲವರೆಗೆ ನಾನು ಜೊತೆಗೆ ಹೋದೆ. ಲೋಹದ್ದೇನೂ ಒಳಗೆ ಬರಬಾರದೆಂದು ನರ್ಸ್ ಹೇಳಿದಳು. ದೊಡ್ಡಮ್ಮ ತಾವೇ ದಾರವನ್ನು ತಲೆಯ ಮೇಲಿಂದ ತೆಗೆದು ನನ್ನ ಕೈಗೆ ಹಾಕಿ ಮುಷ್ಟಿ ಮುಚ್ಚಿಸಿದರು.

"ಆ ಮೀನುಗಾರನಿಗೆ ಈಜು ಬರ್ತಿತ್ತು ಕಣೇ," ಅಂದರು. "ಬರ್ತಿದ್ರೂ ಕೂಗ್ದ. ಅಯ್ನೋರಿಗೆ ಹೇಳ್ಬಿಡು, ಪಾಪ, ಇನ್ನೂ ಉತ್ತರ ಹುಡುಕ್ತಿರ್ತಾರೆ. ಮತ್ತೆ ನೀನು ಇಲ್ಲಿ ಕೂತ್ಕೊಂಡು ಅಳ್ಬೇಡ. ಮನೆಗೋಗಿ ನಕ್ಷತ್ರ ಕಟ್ಟು."

"ಏಣಿ ಹಿಡ್ಕೊಳ್ಳೋಕೆ ಇವರನ್ನ ಕರೀಲಾ?" ಅಂದೆ. ಇವರು ಅಂದರೆ ನನ್ನ ಯಜಮಾನರು.

"ಕರಿ," ಅಂದರು. "ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳು."

ಒಳಗಿನಿಂದ ಇಬ್ಬರು ಬಂದರು, ಈ ಗಾಡಿಯಿಂದ ಆ ಗಾಡಿಗೆ ಅವರನ್ನು ಎತ್ತಿ ಮಲಗಿಸಬೇಕಿತ್ತು. ಮೊಣಕೈ ಹಿಡಿಯಲು ಹೋದವರ ಕೈಯನ್ನು ಜೀವಮಾನವಿಡೀ ತಟ್ಟಿಹಾಕಿದ ದೊಡ್ಡಮ್ಮ ಒಂದು ಕ್ಷಣ ಆ ಇಬ್ಬರನ್ನೂ ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಎರಡೂ ಕೈಗಳನ್ನು ಮೇಲಕ್ಕೆತ್ತಿದರು.

ಎಷ್ಟು ವರ್ಷ, ಎಷ್ಟೊಂದು ಹುಡುಗಿಯರಿಗೆ ಅವರು "ಕೈ ಮೇಲೆ" ಎಂದು ಹೇಳಿಕೊಟ್ಟಿದ್ದರು. ಆದರೆ ಇದು ಡ್ರಿಲ್ಲಿನ ಕೈಯಾಗಿರಲಿಲ್ಲ. ತೊಟ್ಟಿಲಿನಲ್ಲಿ ಎಚ್ಚರವಾದ ಮಗು, ಯಾರೋ ಬಂದ ಹೆಜ್ಜೆ ಸದ್ದಿಗೆ, ಎತ್ತಿಕೋ ಎಂದು ಚಾಚುತ್ತದಲ್ಲ, ಆ ಕೈ.