ಎಳೆದರೆ ಬರುವ ಬೋರ್ಡ್

ಸುಲಭವಾಗಿ ರಿಪೇರಿಯಾಗುವ ಯಂತ್ರ ಮಾಡಿಕೊಟ್ಟರೆ ನಮ್ಮ ಕಡೆಯವರು ಅದನ್ನು ಸುಮ್ಮನಿರಲು ಬಿಡುವುದಿಲ್ಲ. ಕುಂದಾಪುರದಲ್ಲಿ ಕಂಟ್ರೋಲ್ ಪ್ಯಾನೆಲ್ ತಯಾರಿಸುವ ನನಗೆ ಇದು ಮತ್ತೆ ಮತ್ತೆ ಮನದಟ್ಟಾಗುತ್ತದೆ. ಹಂಗಾರಕಟ್ಟೆಯ ಐಸ್ ಪ್ಲಾಂಟ್ ಒಂದರ ಕಥೆಯೇ ಸಾಕು.

೧. ಅಭ್ಯಾಸ

ಆ ಪ್ಯಾನೆಲ್ಲಿನ ಮಿದುಳು ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡ್. ಕೆಟ್ಟರೆ ಯಾರೂ ನನ್ನನ್ನು ಕಾಯಬಾರದೆಂದು, ಕೈಯಲ್ಲಿ ಎಳೆದರೆ ಬರುವಂತೆ ಮಾಡಿದ್ದೆ. ಪ್ಯಾನೆಲ್ಲಿನ ಬಾಗಿಲ ಒಳಗೇ ಒಂದು ಸ್ಪೇರ್ ಬೋರ್ಡ್. ಒಂದು ಬೆಳಿಗ್ಗೆ ಹೋದರೆ ಆಪರೇಟರ್ ಬೋರ್ಡ್ ಕಳಚಿ ಲುಂಗಿಯಲ್ಲಿ ಒರೆಸುತ್ತಿದ್ದ.

“ಕೆಟ್ಟಿತೇ?”

“ಇಲ್ಲ ಅಮ್ಮ. ದಿನಾ ತೆಗ್ದ್ ಹಾಕ್ತೆ.”

“ಏಕೆ?”

“ಕೆಟ್ಟ್ ಮೇಲೆ ಕಲ್ತ್ಕಂಬುಕಾತ್ತಾ? ಈಗ್ಳೇ ಅಭ್ಯಾಸ!”

೨. ಪೂಜೆ

ಆಯುಧ ಪೂಜೆಯ ಮರುದಿನ ಕಂಪ್ರೆಸರ್ ನಿಂತಿತು. ಬೋರ್ಡಿನ ತುಂಬ ಒದ್ದೆ ಕುಂಕುಮ. ಮಾಲೀಕರು ಕೆಂಡವಾಗಿದ್ದರು: “ಇನ್ನೊಂದ್ಸಲ ನಿಂತ್ರೆ ನಿಮ್ಮ್ ಪ್ಯಾನೆಲ್ ತೆಗ್ದ್, ಮುಂಬೈಯಿಂದ ಸೀಲ್ ಮಾಡಿದ ಪೆಟ್ಟಿಗೆ ತರ್ಸ್ತೆ!”

ನನ್ನ ಪ್ಯಾನೆಲ್ಲಿನ ಜಾಗದಲ್ಲಿ, ಕೆಟ್ಟರೆ ಬಿಸಾಡಬೇಕಾದ ಪೆಟ್ಟಿಗೆಯೇ? ನಾನು ಆಪರೇಟರನಿಗೆ ಹೇಳಿದೆ, “ಸ್ಪೇರ್ ಹಾಕು.”

“ಅದ್ಕೂ ಹಚ್ಚಿದ್ದೆ ಅಮ್ಮ. ಒಂದಕ್ಕ್ ಪೂಜೆ ಮಾಡಿ ಇನ್ನೊಂದ್ ಬಿಟ್ರೆ ಅದ್ಕೆ ಬೇಜಾರಾಪ್ದಿಲ್ಯಾ?”

ಎರಡನ್ನೂ ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿದೆ.

೩. ಸ್ಪೇರ್

ಒಂದು ಭಾನುವಾರ ಬೈಂದೂರಿನಲ್ಲಿ ಮದುವೆಯೂಟಕ್ಕೆ ಕುಳಿತಿದ್ದೆ. ಮಾಲೀಕರ ಫೋನ್: “ಮತ್ತೆ ನಿಂತಿತ್! ದೋಣಿ ಎಲ್ಲ ಬಂದಿತ್, ಮೀನಿಗ್ ಐಸ್ ಇಲ್ಲ!”

“ಊಟಕ್ಕೆ ಕುಳಿತಿದ್ದೇನೆ. ಸ್ಪೇರ್ ಹಾಕಿಸಿ.”

“ಸ್ಪೇರ್ ಇಲ್ಲಿ ಇಲ್ಲ.”

“ಮತ್ತೆಲ್ಲಿ?”

“ಹೊಳೆ ಆಚೆ ಐಸ್ ಪ್ಲಾಂಟಿನವ್ರಿಗೆ ಕೊಟ್ಟಿದ್ದೆ. ಅವ್ರದ್ದೂ ನಿಮ್ಮದೇ ಪ್ಯಾನೆಲ್, ಕೆಟ್ಟಿತ್ತ್. ನೆರೆಯವ್ರಿಗ್ ಇಲ್ಲ ಅಂಬುಕಾತ್ತಾ?”

“ನಿಮ್ಮ ವಸ್ತು ನಿಮ್ಮಲ್ಲೇ ಇರಬೇಕು. ಕೊಡಬಾರದು, ಕೇಳಬಾರದು. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದೇ ಅದು!” ಎಂದು ಗದರಿ, ಎಲೆ ಬಿಟ್ಟು ಎದ್ದೆ.

ದಾರಿಯಲ್ಲಿ ಹೆಮ್ಮಾಡಿ. ಅಲ್ಲಿನ ಐಸ್‌ಕ್ಯಾಂಡಿ ಕಾರ್ಖಾನೆಯಲ್ಲೂ ನನ್ನದೇ ಬೋರ್ಡ್, ಭಾನುವಾರ ರಜೆ. ಬೀಗ ತೆಗೆಸಿ, “ನಾಳೆ ಬೆಳಿಗ್ಗೆ ವಾಪಸ್” ಎಂದು ಕೇಳಿ, ಬೋರ್ಡನ್ನು ರೇಷ್ಮೆ ಸೆರಗಿನಲ್ಲಿ ಸುತ್ತಿಕೊಂಡು ಹಂಗಾರಕಟ್ಟೆ ತಲುಪಿದೆ. ಆಪರೇಟರ್ ಕಣ್ಣು ಮುಚ್ಚಿಯೇ ಬೋರ್ಡ್ ಬದಲಿಸಿದ, ಅಭ್ಯಾಸವಿತ್ತಲ್ಲ. ಕಂಪ್ರೆಸರ್ ಗುಡುಗಿತು.

ಮಾಲೀಕರು ಬೋರ್ಡ್ ನೋಡಿದರು, ನನ್ನ ಸೆರಗು ನೋಡಿದರು. “ಇದ್ ಎಲ್ಲಿಂದ?”

“ಹೆಮ್ಮಾಡಿಯಿಂದ,” ಎಂದೆ, ಆದಷ್ಟು ಗಂಭೀರವಾಗಿ.

“ಕೇಳ್ಕಂಡ್ ತಂದದ್ದಾ?”

ನಾನು ಸೆರಗು ಸರಿಪಡಿಸಿಕೊಂಡೆ. “ಮುಂಬೈ ಪೆಟ್ಟಿಗೆಯ ವಿಚಾರ ಏನಾಯಿತು?”

“ಅದ್ ಬ್ಯಾಡ ಮರಾಯ್ರೆ. ಅದ್ ಕೆಟ್ರೆ, ಊಟ ಬಿಟ್ಟ್ ಮನೆ ಮನೆ ಬೇಡೂಕ್ ಯಾರ್ ಬತ್ರ್?”